ಹಲ್ಲಿನ ಡಾಕ್ಟ್ರ ಬಿಳಿ ಕಾರು

ಅವರ ಬಲಗೈ ಹೆಬ್ಬೆರಳು ಹಿಂದಕ್ಕೆ ಬಾಗಿಕೊಂಡಿತ್ತು. ತುದಿ ಚಪ್ಪಟೆ, ಮಾಂಸದ ತನಕ ಕತ್ತರಿಸಿದ ಉಗುರು, ಎಷ್ಟು ತೊಳೆದರೂ ಹೋಗದ ಲವಂಗದೆಣ್ಣೆಯ ವಾಸನೆ. ಮೂಡುಬಿದಿರೆಯ ಸುತ್ತಮುತ್ತಲಿನವರ ತುಟಿ ಸರಿಸಿ ಸರಿಸಿಯೇ ಆ ಬೆರಳಿಗೆ ಆ ಆಕಾರ ಬಂದಿರಬೇಕು. ನಾನು ಅದನ್ನು ಮೊದಲು ಹತ್ತಿರದಿಂದ ನೋಡಿದ್ದು ಬಂಟ್ವಾಳದಲ್ಲಿ, ನಮ್ಮ ಪೈಂಟ್ ಅಂಗಡಿಯ ಕೌಂಟರಿನ ಮೇಲೆ. ಗಿರಾಕಿಗಳು ನಿಂತಿದ್ದರು. ಅವರು ಚೀಲದಿಂದ ಒಂದು ಪುಟ್ಟ ಕಾರಿನ ತೆಳು ಪ್ಲಾಸ್ಟಿಕ್ ಬಾಡಿಯನ್ನು ತೆಗೆದು ನನ್ನೆದುರು ಇಟ್ಟು, ಬಾನೆಟ್ಟಿನ ಮೇಲೆ ಆ ಹೆಬ್ಬೆರಳನ್ನು ಒತ್ತಿದರು. ಬಾಡಿ ಹಪ್ಪಳದಂತೆ ಪಟಕ್ಕನೆ ಒಡೆಯಿತು.

“ಇದಕ್ಕೆ ಪೈಂಟ್ ಕೊಟ್ಟ ಪಂಡಿತ ಯಾರು?” ಎಂದು ಕೇಳಿದರು.

ಆ ಪಂಡಿತ ನಾನೇ. ಗಲ್ಫಿನಲ್ಲಿ ಕಾರುಗಳಿಗೆ ಬಣ್ಣ ಹೊಡೆಯುವ ವರ್ಕ್‌ಶಾಪಿನಲ್ಲಿ ದುಡಿದು ಬಂದವನೆಂಬ ಜಂಬ ಆಗ ನನ್ನಲ್ಲಿ ತುಂಬಿ ತುಳುಕುತ್ತಿತ್ತು. ಹಿಂದಿನ ವಾರ ಅವರು ಬಂದು ಸಣ್ಣ ಕಾರಿಗೆ ಬಣ್ಣ ಬೇಕು ಎಂದಾಗ, ಸಣ್ಣದಾದರೇನು, ದೊಡ್ಡದಾದರೇನು, ಕಾರು ಕಾರೇ ಎಂದು ಅಂಗಡಿಯ ಒಳ್ಳೆಯ ಪೈಂಟನ್ನೂ ಅದನ್ನು ತೆಳುಮಾಡುವ ತಿನ್ನರನ್ನೂ ಕಟ್ಟಿ ಕೊಟ್ಟಿದ್ದೆ. ಆ ಕಾರುಗಳ ಬಾಡಿಯ ಮೇಲೆ ತಿನ್ನರ್ ಬಿದ್ದರೆ ಅದರ ಜೀವವೇ ಹೋಗುತ್ತದೆ, ಬಗ್ಗುವ ಪ್ಲಾಸ್ಟಿಕ್ ಒಣಗಿ ಒಡೆಯುತ್ತದೆ ಎನ್ನುವುದು ನನಗೆ ಗೊತ್ತಿರಲಿಲ್ಲ. ಅವರಿಗೆ ಗೊತ್ತಿತ್ತು. ನಾನು ಏನು ಹೇಳುತ್ತೇನೆಂದು ನೋಡುವುದಕ್ಕೇ ಕೇಳಿದ್ದಂತೆ. ನಾಲ್ಕು ಜನರ ಎದುರು ಒಡೆದು ತೋರಿಸಲೆಂದೇ ಒಂದು ಹಳೆಯ ಬಾಡಿಯ ಮೇಲೆ ಅದನ್ನು ಹೊಡೆದು, ಒಣಗಿಸಿ, ಮೂಡುಬಿದಿರೆಯಿಂದ ಬಂಟ್ವಾಳದವರೆಗೆ ಹೊತ್ತು ತಂದಿದ್ದರು.

“ಗೊತ್ತಿಲ್ಲದಿದ್ರೆ ಗೊತ್ತಿಲ್ಲ ಅಂತ ಹೇಳ್ಬೇಕು ಮಾರಾಯ. ಅದಕ್ಕೆ ಎಂತ ಟ್ಯಾಕ್ಸ್ ಉಂಟಾ?” ಎಂದರು. ಆಮೇಲೆ ಗಿರಾಕಿಗಳ ಕಡೆ ತಿರುಗಿ, “ನೀವು ಇವನ ಹತ್ರ ಗೋಡೆಯ ಪೈಂಟ್ ಮಾತ್ರ ತಗೊಳ್ಳಿ. ಗೋಡೆ ಓಡಿ ಹೋಗುದಿಲ್ಲ” ಎಂದು ನಗದೆ ಹೇಳಿದರು.

ಅವರು ಹಲ್ಲಿನ ಡಾಕ್ಟ್ರು. ಮನೆ ಶಿರ್ತಾಡಿಯ ಕಡೆ, ಕ್ಲಿನಿಕ್ ಮೂಡುಬಿದಿರೆಯಲ್ಲಿ. ಅವರ ಹುಚ್ಚು ಮಾತ್ರ ರಸ್ತೆಯ ಮೇಲೆ ಓಡುವ, ಕೈಯಲ್ಲಿ ಹಿಡಿದ ರೇಡಿಯೋದಿಂದ ನಡೆಸುವ ಪುಟ್ಟ ಕಾರುಗಳದ್ದು. ಪುಟ್ಟದು ಎಂದರೆ ಮೊಣಕೈಯಿಂದ ಬೆರಳತುದಿಯಷ್ಟು ಉದ್ದ, ನೆಲಕ್ಕೂ ಅದರ ಹೊಟ್ಟೆಗೂ ಮಧ್ಯೆ ಒಂದು ದೋಸೆಯಷ್ಟೇ ಜಾಗ. ಬೈಕಿನಲ್ಲಿ ಅಟ್ಟಿಸಿಕೊಂಡು ಹೋದರೂ ಸಿಗದಷ್ಟು ಓಡುತ್ತದೆ. ಅದನ್ನು ಯಾರಾದರೂ ಆಟಿಕೆ ಎಂದರೆ, ರೇಡಿಯೋವನ್ನು ರಿಮೋಟ್ ಎಂದರೆ ಅವರ ಹುಬ್ಬು ಮೇಲೇರುತ್ತಿತ್ತು. “ರಿಮೋಟ್ ನಿನ್ನ ಮನೆಯ ಟೀವಿಗೆ” ಎನ್ನುತ್ತಿದ್ದರು.

ಅವಮಾನವಾದ ಮೇಲೆ ದೂರ ಉಳಿಯುವುದು ಮರ್ಯಾದಸ್ಥರ ಲಕ್ಷಣ. ನಾನು ಮರುವಾರವೇ ಅವರ ಕ್ಲಿನಿಕ್ಕಿಗೆ ಹೋಗಿ, ಸರಿಯಾದ ಬಣ್ಣ ಹೇಗೆ ಹೊಡೆಯುವುದೆಂದು ತೋರಿಸಿ ಎಂದೆ. ಸಿಟ್ಟು ಇತ್ತು. ಅವರಿಗಿಂತ ಚೆನ್ನಾಗಿ ಹೊಡೆದು ಅವರ ಮುಖಕ್ಕೇ ಹಿಡಿಯಬೇಕೆಂಬ ಹಟವೂ ಇತ್ತು. ಅವರು ನನ್ನನ್ನು ರೋಗಿಯ ಕುರ್ಚಿಯಲ್ಲೇ ಕೂರಿಸಿ, ದೀಪವನ್ನು ಮುಖಕ್ಕೆ ತಿರುಗಿಸಿ, ಕೈಗೆ ಒಂದು ಹೊಸ ಬಾಡಿ ಕೊಟ್ಟರು. ಗಾಜಿನ ಲೋಟದ ಹಾಗೆ ಆಚೆಯಿಂದ ಈಚೆ ಕಾಣುತ್ತಿತ್ತು.

“ಇದಕ್ಕೆ ಹೊರಗಿಂದ ಹೊಡೆಯುದಲ್ಲ. ಒಳಗಿಂದ ಹೊಡೆಯುದು. ನೀನು ಮೊದಲು ಹೊಡೆದದ್ದು ಎಲ್ಲರಿಗೂ ಮೇಲೆ ಕಾಣ್ತದೆ. ಕಡೆಗೆ ಹೊಡೆದದ್ದು ಯಾರಿಗೂ ಕಾಣುದಿಲ್ಲ. ಮೊದಲೇ ತಪ್ಪಿದ್ರೆ ಅದರ ಮೇಲೆ ಚಿನ್ನ ಬಳಿದರೂ ತಪ್ಪು ತಪ್ಪೇ.”

ಈ ಕೆಲಸದ ಮರ್ಮವೇ ಅದು. ಗೋಡೆಗಾದರೆ ತಪ್ಪಿನ ಮೇಲೆ ಇನ್ನೊಂದು ಕೋಟು ಬಳಿದು ಸುಮ್ಮನಿರಬಹುದು. ಇಲ್ಲಿ ಹಾಗಾಗುವುದಿಲ್ಲ. ಸಣ್ಣ ಗೆರೆಗಳನ್ನು ಮೊದಲು ಎಳೆಯಬೇಕು, ಆಮೇಲೆ ಕಡುಬಣ್ಣ, ಕೊನೆಗೆ ತಿಳಿಬಣ್ಣ. ಅಂಟುಪಟ್ಟಿಯ ಅಂಚನ್ನು ಉಗುರಿನಿಂದ ಸರಿಯಾಗಿ ಒತ್ತದಿದ್ದರೆ ಬಣ್ಣ ಅದರ ಅಡಿಗೆ ನುಸುಳುತ್ತದೆ. ಬಾಡಿಯ ಹೊರಮೈಗೆ ಕಾರ್ಖಾನೆಯಲ್ಲೇ ಒಂದು ತೆಳುವಾದ ಪೊರೆ ಅಂಟಿಸಿರುತ್ತಾರೆ. ಎಲ್ಲ ಮುಗಿದ ಮೇಲೆ ಆ ಪೊರೆಯನ್ನು ಸುಲಿಯಬೇಕು. ಸುಲಿಯುವವರೆಗೆ ಕೆಲಸ ಹೇಗಾಗಿದೆಯೆಂದು ಹೊಡೆದವನಿಗೂ ಪೂರ್ತಿ ತಿಳಿಯುವುದಿಲ್ಲ.

ನಾನು ಹೊಡೆದ ಬಾಡಿಗಳ ಪೊರೆಯನ್ನು ಡಾಕ್ಟ್ರೇ ಸುಲಿಯುತ್ತಿದ್ದರು. ಸುಲಿದು, ದೀಪದ ಕೆಳಗೆ ಹಿಡಿದು, ಹಲ್ಲು ನೋಡುವ ಪುಟ್ಟ ಕನ್ನಡಿಯಿಂದ ಒಳಮೂಲೆಗಳನ್ನೆಲ್ಲ ನೋಡಿ, ಎರಡೂ ಕೈಯಿಂದ ಮಡಚಿ ಕಸದ ಬುಟ್ಟಿಗೆ ಹಾಕುತ್ತಿದ್ದರು. ರಕ್ತ ಮೆತ್ತಿದ ಹತ್ತಿಯ ಮೇಲೆ ನನ್ನ ಕೆಲಸ ಬಿದ್ದಿರುತ್ತಿತ್ತು. ಎಷ್ಟು ಬಾಡಿಗಳು ಹಾಗೆ ಹೋದವೆಂದು ನಾನು ಲೆಕ್ಕ ಇಡಲಿಲ್ಲ. ಇಟ್ಟಿದ್ದರೆ ಹುಚ್ಚು ಹಿಡಿಯುತ್ತಿತ್ತು.

ಅವರ ಸ್ವಂತ ಓಟದ ಕಾರಿಗೆ ಯಾವ ಅಲಂಕಾರವೂ ಇರಲಿಲ್ಲ. ಬಿಳಿ. ಬಾನೆಟ್ಟಿನಿಂದ ಹಿಂಬದಿಯವರೆಗೆ ದಾರದಷ್ಟು ತೆಳುವಾದ ಒಂದು ಕೆಂಪು ಗೆರೆ. ನೋಡುವವರಿಗೆ ಸಪ್ಪೆ. ಹೊಡೆಯುವವನಿಗೆ ಅದಕ್ಕಿಂತ ಕಷ್ಟದ್ದು ಬೇರೆ ಇಲ್ಲ. ಕೆಂಪು ಎಲ್ಲಿ ಕೂದಲೆಳೆಯಷ್ಟು ನುಸುಳಿದರೂ ಬಿಳಿ ಅದನ್ನು ಊರಿಗೆಲ್ಲ ಡಂಗುರ ಸಾರುತ್ತದೆ.

ಆದಿತ್ಯವಾರ ಬೆಳಿಗ್ಗೆ ಮಿಜಾರಿನ ಆಚೆಯ ಒಂದು ಕಲ್ಯಾಣ ಮಂಟಪದ ಟಾರು ಹಾಕಿದ ಅಂಗಳದಲ್ಲಿ ನಮ್ಮ ಓಟ. ಮದುವೆ ಇಲ್ಲದ ವಾರ ಮಾತ್ರ. ತೋಟಗಳಿಂದ ಕಿತ್ತು ಬಿಸಾಡಿದ ಕರಿ ಪೈಪುಗಳನ್ನು ನೆಲಕ್ಕೆ ಹಾಸಿ ತಿರುವುಗಳನ್ನು ಮಾಡುತ್ತಿದ್ದೆವು. ಟಯರು ನೆಲವನ್ನು ಹಿಡಿಯಲಿ ಎಂದು ಸಕ್ಕರೆ ನೀರು ಚಿಮುಕಿಸುತ್ತಿದ್ದೆವು. ಒಣಗಿದ ಮೇಲೆ ಚಪ್ಪಲಿ ಅಂಟಿಕೊಳ್ಳುವಷ್ಟು ಹಿಡಿತ ಬರುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಊರಿನ ಇರುವೆಗಳೆಲ್ಲ ಮದುವೆಗೆ ಬಂದಂತೆ ಬರುತ್ತಿದ್ದವು. ಮಂಟಪದವರು ನಮ್ಮನ್ನು ಶಪಿಸಿಕೊಂಡು ನೀರು ಹೊಡೆಸುತ್ತಿದ್ದರು.

ಅಲ್ಲಿ ಡಾಕ್ಟ್ರು ಒಂದು ಕ್ರಮ ಇಟ್ಟಿದ್ದರು. ಓಟ ಮುಗಿದು ಚಾ ಬಂದ ಮೇಲೆ ಎಲ್ಲರೂ ತಮ್ಮ ಕಾರನ್ನೂ ರೇಡಿಯೋವನ್ನೂ ಮೇಜಿನ ಮೇಲೆ ಇಡಬೇಕು. ಒಬ್ಬನ ಕಾರನ್ನು ಇನ್ನೊಬ್ಬ ಓಡಿಸಬೇಕು. ಕೊಡುವ ಮೊದಲು ಒಂದು ಸ್ಕ್ರೂ ತಿರುಗಿಸಬಾರದು, ರೇಡಿಯೋದ ಒಂದು ಗುಂಡಿ ಒತ್ತಬಾರದು. “ಕಾರು ಬಾಯಿ ಇದ್ದ ಹಾಗೆ. ಹೊರಗಿಂದ ನಗಾಡ್ತದೆ. ತೆರೆದ್ರೆ ಹುಳುಕು ಎಲ್ಲ ಕಾಣ್ತದೆ” ಎನ್ನುತ್ತಿದ್ದರು. ಕಲಿಯಲಿಕ್ಕೆ ಒಳ್ಳೆಯ ಕ್ರಮ ಎಂದು ನಾವೆಲ್ಲ ಹೊರಗೆ ಹೇಳುತ್ತಿದ್ದೆವು. ಮನಸ್ಸಿನಲ್ಲಿ ಅದು ನಮಗೆ ಬೈಯಲಿಕ್ಕೆ ಅವರು ಮಾಡಿಕೊಂಡ ಏರ್ಪಾಡು ಎಂದು ಗೊತ್ತಿತ್ತು. ಇಂಜಿನಿಯರಿಂಗ್ ಕಾಲೇಜಿನ ಮೇಷ್ಟ್ರೊಬ್ಬರು ಬರುತ್ತಿದ್ದರು. ಒಮ್ಮೆ ತಮ್ಮ ಕಾರಿಗೆ ಬೆಂಕಿಯ ಜ್ವಾಲೆಯ ಸ್ಟಿಕ್ಕರು ಅಂಟಿಸಿಕೊಂಡು ಬಂದರು. ಡಾಕ್ಟ್ರು ಅದನ್ನು ಓಡಿಸಿ ತಂದು, “ಬೆಂಕಿ ಮೇಲೆ ಉಂಟು, ಒಳಗೆ ಬೂದಿ ಸಹ ಇಲ್ಲ” ಎಂದು ಕೈಗೆ ಕೊಟ್ಟರು. ಮೇಷ್ಟ್ರು ನಕ್ಕರು. ಅವರಿಗೆ ನಗುವ ಶಕ್ತಿ ಇತ್ತು.

ಆ ಶಕ್ತಿ ಇಲ್ಲದವರು ಬೆಳ್ತಂಗಡಿಯಿಂದ ಬರುತ್ತಿದ್ದ ಬ್ಯಾಂಕ್ ಮ್ಯಾನೇಜರು. ಸಾಧು ಮನುಷ್ಯ. ಜನ ನೋಡುತ್ತಿದ್ದರೆ ಅವರ ಕೈ ನಡುಗುತ್ತಿತ್ತು, ಕಾರು ನೇರ ದಾರಿಯಲ್ಲೂ ಹಾವಿನಂತೆ ಹೋಗುತ್ತಿತ್ತು. ಇದಕ್ಕೆ ರೇಡಿಯೋದೊಳಗೆ ಒಂದು ಉಪಾಯ ಇದೆ. ಸ್ಟಿಯರಿಂಗ್ ಚಕ್ರವನ್ನು ನಡುವಿನಿಂದ ಆಚೀಚೆ ಸ್ವಲ್ಪ ತಿರುಗಿಸಿದರೆ ಅದನ್ನು ಕಾರಿಗೆ ಹೇಳಬೇಡ ಎಂದು ರೇಡಿಯೋಗೆ ಹೇಳಿಡಬಹುದು. ಆಗ ಸಣ್ಣ ನಡುಕ ಕಾರಿನವರೆಗೆ ತಲುಪುವುದೇ ಇಲ್ಲ. ನಾವು ಅದನ್ನು ಸತ್ತ ಜಾಗ ಎನ್ನುತ್ತಿದ್ದೆವು. ಮ್ಯಾನೇಜರು ಗುಟ್ಟಾಗಿ ಸತ್ತ ಜಾಗ ಹೆಚ್ಚಿಸಿಕೊಂಡಿದ್ದರು. ಅದಲು ಬದಲಿನಲ್ಲಿ ಅವರ ರೇಡಿಯೋ ಡಾಕ್ಟ್ರ ಕೈಗೆ ಬಂತು.

ಡಾಕ್ಟ್ರು ಚಕ್ರವನ್ನು ಒಮ್ಮೆ ತಿರುಗಿಸಿ ನಿಂತರು. ಇನ್ನೊಮ್ಮೆ ತಿರುಗಿಸಿದರು. ರೇಡಿಯೋವನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದರು.

“ಓ, ಇದು ಹೀಗಾ? ಮ್ಯಾನೇಜರೇ, ಕೈ ನಡುಗುವವ ಸೂಜಿಯೂ ಹಿಡಿಯಬಾರ್ದು, ರೇಡಿಯೋವೂ ಹಿಡಿಯಬಾರ್ದು. ಮನೆಯಲ್ಲಿ ಕೂತು ಜಪಮಾಲೆ ಹಿಡಿಯಬೇಕು. ಅದಕ್ಕೆ ನಡುಕ ತೊಂದ್ರೆ ಇಲ್ಲ.”

ಮ್ಯಾನೇಜರು ಚಾದ ಲೋಟವನ್ನು ಕೆಳಗಿಟ್ಟು, ಕಾರನ್ನು ಪೆಟ್ಟಿಗೆಗೆ ತುಂಬಿ ಹೊರಟರು. ಮತ್ತೆ ಬರಲಿಲ್ಲ. ಆ ಪೆಟ್ಟಿಗೆಯನ್ನು ಯಾರೋ ನೆಂಟರ ಮಕ್ಕಳಿಗೆ ಕೊಟ್ಟುಬಿಟ್ಟರೆಂದು ಆಮೇಲೆ ತಿಳಿಯಿತು. ಡಾಕ್ಟ್ರಿಗೆ ಹೇಳಿದೆ. “ಮಕ್ಕಳಾದ್ರೂ ನೆಟ್ಟಗೆ ಓಡಿಸ್ಲಿ” ಎಂದರು. ಕ್ರೂರಿ. ಅವರನ್ನು ಹಾಗಲ್ಲದೆ ಬೇರೆ ಯಾವ ಹೆಸರಿನಿಂದ ಕರೆದರೂ ಸುಳ್ಳಾಗುತ್ತದೆ.

ಹಾಗಾದರೆ ನಾನು ಯಾಕೆ ಹೋಗುತ್ತಿದ್ದೆ? ನನ್ನ ತಾಯಿ, ಉಮ್ಮ, ಕೇಳುತ್ತಿದ್ದ ಪ್ರಶ್ನೆಯೂ ಇದೇ. ನನಗೆ ಗೊತ್ತಿದ್ದ ಉತ್ತರ ಒಂದೇ. ಗಲ್ಫಿನಲ್ಲಿ ಮೇಲಿನವರು ನನ್ನನ್ನು ಹೊಗಳಿದ್ದರು, ಇಲ್ಲಿ ಗಿರಾಕಿಗಳು ಹೊಗಳುತ್ತಿದ್ದರು, ನೆಂಟರು ಹೊಗಳುತ್ತಿದ್ದರು. ಆ ಹೊಗಳಿಕೆಗಳಲ್ಲಿ ಯಾವುದರ ಮೇಲೂ ನಾನು ಕಾಲಿಟ್ಟು ನಿಲ್ಲುವಂತಿರಲಿಲ್ಲ. ಕೊನೆಗೊಂದು ದಿನ ಡಾಕ್ಟ್ರು ನಾನು ಹೊಡೆದ ಬಾಡಿಯ ಪೊರೆ ಸುಲಿದು, ಕನ್ನಡಿ ಇಟ್ಟು ನೋಡಿ, ಕಸದ ಬುಟ್ಟಿಗೆ ಹಾಕದೆ ಮೇಜಿನ ಮೇಲಿಟ್ಟರು. “ಮುಂದಿನ ಪೇಶೆಂಟ್” ಎಂದು ಕೂಗಿದರು. ನಾನು ಬಂಟ್ವಾಳದವರೆಗೆ ಬೈಕಿನಲ್ಲಿ ಒಬ್ಬನೇ ನಗುತ್ತಾ ಬಂದೆ.

ಆಮೇಲೆ ಅವರ ಕಾರುಗಳ ಬಣ್ಣದ ಕೆಲಸವೆಲ್ಲ ನನಗೇ ಬರತೊಡಗಿತು. ಪುರುಸೊತ್ತಿಲ್ಲ ಮಾರಾಯ, ನೀನೇ ಮಾಡು ಎನ್ನುತ್ತಿದ್ದರು. ನನ್ನ ಕೈಗೆ ಸಿಕ್ಕಿದ ಗೌರವ ಎಂದುಕೊಂಡು ಉಬ್ಬಿದೆ. ಚಾ ಬಂದರೆ ಅರ್ಧ ಲೋಟ ಸಾಕು ಎನ್ನುತ್ತಿದ್ದರು. ಗ್ಯಾಸ್ಟ್ರಿಕ್ ಇರಬೇಕು ಎಂದುಕೊಂಡೆ. ಮಾತಾಡುವಾಗ ಬಲಗೈಯನ್ನು ಎಡ ಕಂಕುಳಲ್ಲಿ ಇಟ್ಟುಕೊಳ್ಳುತ್ತಿದ್ದರು. ದೊಡ್ಡವರ ಗತ್ತು ಎಂದುಕೊಂಡೆ. ಅವರ ಬಿಳಿ ಕಾರು ಮಾತ್ರ ಎಂದಿನಂತೆ ಗೆರೆ ಎಳೆದಷ್ಟು ನೇರವಾಗಿ ಓಡುತ್ತಿತ್ತು. ಅದಲು ಬದಲಿನ ಹೊತ್ತಿಗೆ ಅದರ ಬ್ಯಾಟರಿ ಮುಗಿದಿರುತ್ತಿತ್ತು. ಕಾರು ನೇರ ಓಡುತ್ತಿರುವಾಗ ಓಡಿಸುವವನ ಕೈಯನ್ನು ಯಾರು ನೋಡುತ್ತಾರೆ?

ಅದೇ ಹೊತ್ತಿಗೆ ಉಮ್ಮನಿಗೆ ದವಡೆ ಹಲ್ಲು ನೋಯತೊಡಗಿತು. ಸಕ್ಕರೆ ಕಾಯಿಲೆ ಬೇರೆ. ಬಂಟ್ವಾಳದಲ್ಲಿ ಹಲ್ಲಿನ ಡಾಕ್ಟರುಗಳಿಗೆ ಬರ ಇಲ್ಲ. ಆದರೆ ಉಮ್ಮನಿಗೆ ನಮ್ಮ ಡಾಕ್ಟ್ರೇ ಆಗಬೇಕು. ನಾನು ಹೇಳಿದ ಕತೆಗಳಿಂದಲೇ ಆ ಕೈಯ ಮೇಲೆ ಅವರಿಗೆ ನಂಬಿಕೆ ಬಂದಿತ್ತು. ಡಾಕ್ಟ್ರು ಮೊದಲು ಬೇಡವೆಂದರು, ಬೇರೆ ಕಡೆ ಬರೆದು ಕೊಡುತ್ತೇನೆ ಎಂದರು. ಉಮ್ಮ ಬಿಡಲಿಲ್ಲ. ಸೋಮವಾರ ಬೆಳಿಗ್ಗೆ ಬನ್ನಿ ಎಂದು ಕೊನೆಗೆ ಒಪ್ಪಿಕೊಂಡರು.

ಅದರ ಹಿಂದಿನ ದಿನ, ಆದಿತ್ಯವಾರ, ಓಟ ಇತ್ತು. ಡಾಕ್ಟ್ರೇ ಗೆದ್ದರು. ಚಾ ಬಂತು. ಎಂದೂ ಇಲ್ಲದವರು, “ಇವತ್ತು ಬದಲು ಮಾಡುದು ಬೇಡ. ಬಿಸಿಲು ಜಾಸ್ತಿ ಉಂಟು” ಎಂದರು. ಸ್ಟಿಕ್ಕರಿನ ಮೇಷ್ಟ್ರಿಗೆ ಹಳೆಯ ಬಾಕಿ ತೀರಿಸುವ ಹುಮ್ಮಸ್ಸು. “ಅದೆಲ್ಲ ಆಗುದಿಲ್ಲ ಡಾಕ್ಟ್ರೇ. ಕ್ರಮ ಮಾಡಿದ್ದು ನೀವೇ ಅಲ್ವಾ?” ಎಂದು ಬಿಳಿ ಕಾರನ್ನೂ ರೇಡಿಯೋವನ್ನೂ ಎತ್ತಿ ನನ್ನ ಕೈಗೆ ಕೊಟ್ಟರು.

ನಾನು ಕಾರನ್ನು ಬಿಟ್ಟೆ. ಮೊದಲ ತಿರುವಿಗೆ ಚಕ್ರವನ್ನು ಮೆಲ್ಲಗೆ ತಿರುಗಿಸಿದೆ. ಕಾರು ತಿರುಗಲಿಲ್ಲ. ಇನ್ನೂ ಸ್ವಲ್ಪ ತಿರುಗಿಸಿದೆ. ತಿರುಗಲಿಲ್ಲ. ಇನ್ನೂ ಹೆಚ್ಚು ತಿರುಗಿಸಿದಾಗ ಒಮ್ಮೆಲೇ ತಿರುಗಿ ಪೈಪಿಗೆ ಬಡಿಯಿತು. ಬ್ಯಾಂಕ್ ಮ್ಯಾನೇಜರ ರೇಡಿಯೋದಲ್ಲಿದ್ದ ಸತ್ತ ಜಾಗ ಇದರ ಅರ್ಧವೂ ಇರಲಿಲ್ಲ. ಎಷ್ಟಿದೆಯೆಂದು ನೋಡಲು ನಾನು ರೇಡಿಯೋದ ಪರದೆಯನ್ನು ತೆರೆದೆ.

“ಅದನ್ನು ಮುಟ್ಬೇಡ” ಎಂದರು ಡಾಕ್ಟ್ರು.

ಮುಟ್ಟಿಯಾಗಿತ್ತು. ತಲೆ ಎತ್ತಿ ನೋಡಿದೆ. ಅವರ ಬಲಗೈ ಕಂಕುಳಲ್ಲಿತ್ತು. ಅಂಗಿಯ ತೋಳು ಮಾತ್ರ ಗಾಳಿ ಇಲ್ಲದೆಯೂ ಅಲುಗುತ್ತಿತ್ತು. ಬಣ್ಣದ ಕೆಲಸ ನನಗೆ ಬಂದದ್ದು, ಅರ್ಧ ಲೋಟದ ಚಾ, ಎಲ್ಲ ಒಂದೇ ಕ್ಷಣದಲ್ಲಿ ಪೊರೆ ಸುಲಿದಂತೆ ಕಂಡಿತು. ನನ್ನ ಕೈಯ ಗೌರವವೂ ಸುಲಿದು ಹೋಯಿತು. ಆಮೇಲೆ ಉಮ್ಮನ ಬಾಯಿ ನೆನಪಾಯಿತು. ಸಿಟ್ಟು ನೆತ್ತಿಗೇರಿತು.

“ಡಾಕ್ಟ್ರೇ, ಕೈ ನಡುಗುವವ ಸೂಜಿಯೂ ಹಿಡಿಯಬಾರ್ದು, ರೇಡಿಯೋವೂ ಹಿಡಿಯಬಾರ್ದು” ಎಂದೆ. ಎಲ್ಲರಿಗೂ ಕೇಳುವಂತೆಯೇ ಎಂದೆ. “ನಾಳೆ ಉಮ್ಮನನ್ನು ಕರ್ಕೊಂಡು ಬರ್ಲಾ, ಬೇಡ್ವಾ? ಈಗ ಹೇಳಿ.”

ಮೇಷ್ಟ್ರು ನನ್ನ ತೋಳು ಹಿಡಿದು, “ಎಂತ ಮಾತು ಮಾರಾಯ ಇದು? ದೊಡ್ಡವರ ಹತ್ರ?” ಎಂದರು. ಡಾಕ್ಟ್ರು ಅವರ ಕಡೆ ನೋಡಲೂ ಇಲ್ಲ. ಕೈಯನ್ನು ಕಂಕುಳಿನಿಂದ ಹೊರಗೆ ತೆಗೆದರು. ಅದು ಅವರ ತೊಡೆಯ ಪಕ್ಕದಲ್ಲಿ, ಯಾರೋ ಕಾಣದವರು ಹಿಡಿದು ಅಲ್ಲಾಡಿಸಿದಂತೆ ಅಲ್ಲಾಡಿತು. ಆ ಹೆಬ್ಬೆರಳು ತೋರುಬೆರಳನ್ನು ಉಜ್ಜುತ್ತಲೇ ಇತ್ತು. ಎಲ್ಲರೂ ನೋಡುವಷ್ಟು ಹೊತ್ತು ಹಾಗೆಯೇ ಬಿಟ್ಟರು.

“ಬೇಡ, ಕರ್ಕೊಂಡು ಬರ್ಬೇಡ” ಎಂದು ಹೇಳಿ ತಾವು ಬಂದ ದೊಡ್ಡ ಕಾರು ಹತ್ತಿದರು. ಬಿಳಿ ಕಾರು ಪೈಪಿನ ಪಕ್ಕದಲ್ಲೇ ಉಳಿಯಿತು. ಇರುವೆಗಳು ಬರತೊಡಗಿದ್ದವು.

ಮುಂದಿನ ವಾರ ಕ್ಲಿನಿಕ್ಕಿನ ಬಾಗಿಲು ತೆರೆಯಲಿಲ್ಲ. ಬೋರ್ಡು ಇಳಿಯಿತು. ಮೂಡುಬಿದಿರೆಯಲ್ಲಿ ಆ ಹಲ್ಲಿನ ಡಾಕ್ಟ್ರ ಅನ್ನಕ್ಕೆ ಕಲ್ಲು ಹಾಕಿದ ಪೈಂಟ್ ಅಂಗಡಿಯವ ಎಂದು ನನ್ನ ಹೆಸರು ಓಡಾಡಿತು. ಮೇಷ್ಟ್ರು ಫೋನ್ ಎತ್ತುವುದನ್ನು ಬಿಟ್ಟರು. ಉಮ್ಮ ಬಂಟ್ವಾಳದಲ್ಲೇ ಹಲ್ಲು ಕೀಳಿಸಿಕೊಂಡು ಬಂದು, ಬಾಯಲ್ಲಿ ಹತ್ತಿ ಇಟ್ಟುಕೊಂಡೇ ನನಗೆ ಬೈದರು. “ಅವರೇ ಕಿತ್ತಿದ್ರೆ ಎಂತಾಗ್ತಿತ್ತು? ಒಂದರ ಬದಲು ಎರಡು ಹಲ್ಲು ಹೋಗ್ತಿತ್ತು. ಆ ಮನುಷ್ಯನ ಮಾನ ಉಳೀತಿತ್ತು.”

ಮಾನಕ್ಕಿಂತ ಹಲ್ಲು ದೊಡ್ಡದು ಎಂದೆ. ಈಗಲೂ ಅದನ್ನೇ ಹೇಳುತ್ತೇನೆ. ಮೆಲ್ಲಗೆ ಬದಿಗೆ ಕರೆದು ಹೇಳಬಹುದಿತ್ತು ಎನ್ನುವವರು ಡಾಕ್ಟ್ರನ್ನು ಕಂಡವರಲ್ಲ. ಮೆಲ್ಲಗೆ ಹೇಳಿದ್ದರೆ ಅವರು ನನ್ನನ್ನೂ ಮಡಚಿ ಬುಟ್ಟಿಗೆ ಹಾಕಿ, ಸೋಮವಾರ ಬೆಳಿಗ್ಗೆ ಉಮ್ಮನ ಬಾಯಿಗೆ ಇಕ್ಕಳ ಇಡುತ್ತಿದ್ದರು.

ಮಳೆಗಾಲ ಕಳೆದ ಮೇಲೆ ಅವರ ಹೆಂಡತಿಯ ಫೋನ್ ಬಂತು. “ನಿಮ್ಮನ್ನು ಬರ್ಲಿಕ್ಕೆ ಹೇಳಿದ್ದಾರೆ. ರೇಡಿಯೋದ ಕೆಲಸ ಉಂಟಂತೆ” ಎಂದರು. ನಾನು ಅವರನ್ನು ಅಕ್ಕ ಎನ್ನುತ್ತಿದ್ದೆ. ಶಿರ್ತಾಡಿಗೆ ಹೋದೆ. ಮನೆಯ ಮುಂದಿನ ಸಿಮೆಂಟಿನ ಅಂಗಳದಲ್ಲಿ ಕುರ್ಚಿ ಹಾಕಿ ಡಾಕ್ಟ್ರು ಕೂತಿದ್ದರು. ಅಕ್ಕ ಅವರ ಅಂಗಿಯ ಗುಂಡಿ ಹಾಕುತ್ತಿದ್ದರು. ಮಾತಿನ ಸದ್ದು ತಗ್ಗಿತ್ತು, ಹರಿತ ತಗ್ಗಿರಲಿಲ್ಲ.

“ಬಂದ ನೋಡು ಕಟುಕ. ಇಂಜೆಕ್ಷನ್ ಕೊಟ್ಟು ಹಲ್ಲು ಕೀಳ್ಲಿಕ್ಕೆ ಆಗ್ಲಿಲ್ವಾ ನಿನಗೆ?”

“ನೀವು ಯಾರಿಗೆ ಇಂಜೆಕ್ಷನ್ ಕೊಟ್ಟಿದ್ದೀರಿ ಡಾಕ್ಟ್ರೇ?” ಎಂದೆ.

“ಆ ಸೋಮವಾರ ನಾನೇ ನಿನ್ನ ಉಮ್ಮನ ಹತ್ರ ಹೇಳ್ತಿದ್ದೆ, ಆಗುದಿಲ್ಲ ಅಂತ.”

“ಹೇಳ್ತಿರ್ಲಿಲ್ಲ.”

“ಇಲ್ಲ, ಹೇಳ್ತಿರ್ಲಿಲ್ಲ” ಎಂದು ಒಪ್ಪಿಕೊಂಡರು. ಅಕ್ಕ ಗುಂಡಿ ಹಾಕುವುದನ್ನು ನಿಲ್ಲಿಸಿ, ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಹೋದರು.

ಬಿಳಿ ಕಾರು ಅಂಗಳದಲ್ಲಿತ್ತು. ಮೇಷ್ಟ್ರು ಅವತ್ತೇ ತಂದು ಕೊಟ್ಟಿದ್ದರಂತೆ. ಡಾಕ್ಟ್ರು ರೇಡಿಯೋವನ್ನು ನನ್ನ ಕಡೆ ಚಾಚಿದರು. “ಸತ್ತ ಜಾಗ ಪೂರ್ತಿ ತೆಗಿ. ಸೊನ್ನೆ ಮಾಡು” ಎಂದರು. ಆ ಸಣ್ಣ ಗುಂಡಿಗಳನ್ನು ಒತ್ತಲು ಅವರ ಬೆರಳಿಗೆ ಆಗುತ್ತಿರಲಿಲ್ಲ. ನಾನು ಸೊನ್ನೆ ಮಾಡಿ ಕೊಟ್ಟೆ.

ಅವರು ಕಾರನ್ನು ಬಿಟ್ಟರು. ನೇರ ದಾರಿ ಎಂಬುದು ಆ ಕಾರಿಗೆ ಮರೆತೇ ಹೋಗಿತ್ತು. ಆ ಕಡೆ ಈ ಕಡೆ ತಲೆ ಕೊಡವಿಕೊಂಡು, ನಡುಗಿಕೊಂಡು, ಅಂಗಳದ ತುದಿಗೆ ಹೋಗಿ ಬಂತು. ಅವರ ಕೈ ಏನು ಮಾಡುತ್ತಿತ್ತೋ ಅದನ್ನೆಲ್ಲ ಒಂದಕ್ಷರ ಬಿಡದೆ ನೆಲದ ಮೇಲೆ ತೋರಿಸಿತು. ತುಳಸಿಕಟ್ಟೆಗೆ ಬಡಿಯಿತು, ಗೋಡೆಗೆ ಬಡಿಯಿತು. ನಾನು ಎತ್ತಿ ನೆಟ್ಟಗೆ ಇಡುತ್ತಿದ್ದೆ. ಬ್ಯಾಟರಿ ಮುಗಿದು ಕಾರು ತಾನಾಗಿ ನಿಲ್ಲುವವರೆಗೆ ಅವರು ಬಿಡಲಿಲ್ಲ. ನನಗೆ ನೋಡಲು ಆಗುತ್ತಿರಲಿಲ್ಲ, ಆದರೂ ನೋಡಿದೆ. ಕಣ್ಣು ತಿರುಗಿಸಿದ್ದರೆ ಅವರು ಬೈಯುತ್ತಿದ್ದರು.

“ಈಗ ಸರಿ ಉಂಟು” ಎಂದರು. “ಇಷ್ಟು ದಿನ ಓಡಿದ್ದು ಯಾರದ್ದೋ ಕಾರು. ಇದು ನನ್ನದು.” ಆಮೇಲೆ ತಮ್ಮ ಕೈಯನ್ನೇ ನೋಡಿಕೊಂಡು ಹೇಳಿದರು, “ಮಂಗಳೂರಿನ ಡಾಕ್ಟ್ರುಗಳು ಗುಳಿಗೆ ಕೊಟ್ರು. ಇವಳು ಗುಂಡಿ ಹಾಕಿ ಕೊಟ್ಳು. ಬಂದವರೆಲ್ಲ ಏನೂ ಕಾಣುದಿಲ್ಲ ಡಾಕ್ಟ್ರೇ ಅಂತ ಹೇಳಿದ್ರು. ಹಲ್ಲು ಕಿತ್ತದ್ದು ನೀನೊಬ್ಬ.”

ಹೊರಡುವಾಗ ಬ್ಯಾಂಕ್ ಮ್ಯಾನೇಜರನ್ನು ಕರೆದುಕೊಂಡು ಬರಲಾ ಎಂದು ಕೇಳಿದೆ. ಒಂದು ಕ್ಷಮೆಯ ಮಾತು ಬಂದೀತೆಂಬ ಆಸೆ ನನ್ನದು.

“ಯಾಕೆ? ಅವನ ಕೈಯ ನಡುಕ ನಿಂತಿತಾ?” ಎಂದರು.

ಆಮೇಲೆ ಆ ನಡುಕದ ಕಾಯಿಲೆ ತನ್ನ ಕೆಲಸವನ್ನು ಅಚ್ಚುಕಟ್ಟಾಗಿ ಮಾಡಿತು. ಮೊದಲು ನಡಿಗೆಯನ್ನು ತೆಗೆದುಕೊಂಡಿತು, ಆಮೇಲೆ ನುಂಗುವುದನ್ನು, ಆಮೇಲೆ ಮಾತನ್ನು. ಮುಖದ ಮಾಂಸ ಬಿಗಿದುಕೊಂಡು, ಸಿಟ್ಟು ಬಂದರೂ ಸಂತೋಷವಾದರೂ ಒಂದೇ ಮುಖ. ಆ ನಾಲಗೆಯಿಂದ ಉರಿಸಿಕೊಂಡವರೆಲ್ಲ ಬಂದು ಹಾಸಿಗೆಯ ಪಕ್ಕದಲ್ಲಿ ಕೂತು, ಪಾಪ, ಎಂಥ ಒಳ್ಳೆಯ ಮನುಷ್ಯ ಎಂದು ಅವರೆದುರೇ ಹೇಳಿ ಹೋಗುತ್ತಿದ್ದರು. ಎದ್ದು ಬೈಯಲಾಗದವನಿಗೆ ಅದಕ್ಕಿಂತ ದೊಡ್ಡ ಶಿಕ್ಷೆ ಇದೆಯೇ? ಅವರ ಕಣ್ಣು ಮಾತ್ರ ಬದುಕಿತ್ತು. ಆ ಕಣ್ಣಿನಲ್ಲಿ ಏನಿತ್ತೆಂದು ನನಗೆ ಗೊತ್ತು.

ಹಾಗಿರುವಾಗ ನಾನು ಒಂದು ಬಾಡಿ ಮಾಡಿದೆ. ಬಿಳಿ, ದಾರದಷ್ಟು ಕೆಂಪು ಗೆರೆ. ಹಳೆಯದು ಅಂಗಳದ ಗೋಡೆಗಳಿಗೆ ಬಡಿದು ಸೀಳಿತ್ತು. ಹೊಸದನ್ನು ಅವರಿಗೆ ತೋರಿಸಬೇಕೆಂದಿತ್ತು. ಪೊರೆ ಸುಲಿದಾಗ ಹಿಂಬದಿಯ ಗಾಜಿನ ಹತ್ತಿರ ಕೆಂಪು ಕೂದಲೆಳೆಯಷ್ಟು ನುಸುಳಿದ್ದು ಕಂಡಿತು. ಮಲಗಿದಲ್ಲಿಂದ ಅವರಿಗೆ ಇದೆಲ್ಲ ಕಾಣುವುದುಂಟೇ ಎಂದು ತೆಗೆದುಕೊಂಡು ಹೋದೆ.

ಅಕ್ಕ ಹಾಸಿಗೆಯ ಮೇಲೆ ಅವರ ಕೈಯ ಹತ್ತಿರ ಬಾಡಿಯನ್ನು ಇಟ್ಟು, “ನೋಡಿ, ಎಷ್ಟು ಚಂದ ಮಾಡಿದ್ದಾರೆ” ಎಂದರು. ಡಾಕ್ಟ್ರು ಕಣ್ಣನ್ನು ಮೆಲ್ಲಗೆ ಇಳಿಸಿದರು. ಬಾನೆಟ್ಟಿನಿಂದ ಶುರು ಮಾಡಿ, ಗೆರೆಯ ಜೊತೆಗೇ ಹೋಗಿ, ಹಿಂಬದಿಯ ಗಾಜಿನ ಹತ್ತಿರ ಕಣ್ಣು ನಿಲ್ಲಿಸಿದರು. ಆ ಹೆಬ್ಬೆರಳು ಹೊದಿಕೆಯ ಮೇಲೆ ಅಲುಗಿತು. ಅಲ್ಲಿಂದ ಬಾಡಿಯವರೆಗಿನ ಗೇಣು ದಾರಿಗೆ ಎಷ್ಟು ಹೊತ್ತು ಹಿಡಿಯಿತೆಂದು ಹೇಳಲಾರೆ. ಅಕ್ಕ ಅವರಿಗೆ ಅದನ್ನು ಮುಟ್ಟಬೇಕಾಗಿದೆ ಎಂದುಕೊಂಡು ಹತ್ತಿರ ಸರಿಸಿದರು. ಅವರು ಬೆರಳನ್ನು ಅದಕ್ಕೆ ತಾಗಿಸಿ, ಇದ್ದ ಶಕ್ತಿಯನ್ನೆಲ್ಲ ಹಾಕಿ, ಹಾಸಿಗೆಯಿಂದ ಕೆಳಕ್ಕೆ ತಳ್ಳಿದರು.

“ಅಯ್ಯೋ, ಕೈ ತಪ್ಪಿತು ಪಾಪ” ಎಂದರು ಅಕ್ಕ.

ಕೈ ತಪ್ಪಿರಲಿಲ್ಲ. ನಾನು ಬಗ್ಗಿ ಎತ್ತಿಕೊಂಡು ಅವರ ಮುಖ ನೋಡಿದೆ. ಮುಖದಲ್ಲಿ ಏನೂ ಇರಲಿಲ್ಲ, ಕಣ್ಣಿನಲ್ಲಿ ಎಲ್ಲ ಇತ್ತು. “ಆಯ್ತು ಡಾಕ್ಟ್ರೇ, ಬೇರೆ ಮಾಡ್ತೇನೆ” ಎಂದೆ. ಅವರು ಕಣ್ಣು ಮುಚ್ಚಿಕೊಂಡರು. ನಮ್ಮ ನಡುವಿನ ಕೊನೆಯ ಮಾತುಕತೆ ಅದು. ಬೇರೆಯದರ ಬಣ್ಣ ಒಣಗುವ ಮೊದಲೇ ಅವರು ಹೋದರು.

ಉತ್ತರಕ್ರಿಯೆಯ ದಿನ ಬೊಜ್ಜದ ಊಟಕ್ಕೆ ಹೋಗಿದ್ದೆ. ಬೆಣ್ಣೆಯಂಥ ಮನಸ್ಸು ಎಂದು ಮೇಷ್ಟ್ರು ಪಕ್ಕದವರಿಗೆ ಹೇಳುತ್ತಿದ್ದರು. ಎಲ್ಲರೂ ತಲೆಯಾಡಿಸಿದರು. ಬ್ಯಾಂಕ್ ಮ್ಯಾನೇಜರೂ ಬಂದಿದ್ದರು, ಅವರೂ ತಲೆಯಾಡಿಸಿದರು. ನಾನು ಆಡಿಸಲಿಲ್ಲ. ಸತ್ತವರ ಮೇಲೆ ಈ ಜನ ಬಳಿಯುವ ಬಣ್ಣ ಹೊರಗಿನದು, ಬೇಗ ಸಿಪ್ಪೆ ಏಳುತ್ತದೆ.

ಅವರು ನನಗೆ ಒಂದೂ ಒಳ್ಳೆಯ ಮಾತು ಆಡಿದವರಲ್ಲ. ನನ್ನ ಕೈಗೆ ಕಣ್ಣು ಕೊಟ್ಟರು. ಆ ಋಣ ತೀರಿಸುವ ದಾರಿ ನನಗೆ ಗೊತ್ತಿಲ್ಲ. ಮನುಷ್ಯ ಇದ್ದಿದ್ದರೆ ಋಣ ಎಂಬ ಮಾತಿಗೇ ಬೈಯುತ್ತಿದ್ದರು.

ಮಾಡುತ್ತೇನೆ ಎಂದಿದ್ದ ಬಾಡಿ ಈಗ ನನ್ನ ಅಂಗಡಿಯ ಕೌಂಟರಿನ ಮೇಲಿದೆ, ಅವರು ಮೊದಲನೆಯದನ್ನು ಒಡೆದ ಅದೇ ಜಾಗದಲ್ಲಿ. ಬಿಳಿ, ಒಂದು ಕೆಂಪು ಗೆರೆ. ನಾನು ಕನ್ನಡಿ ಇಟ್ಟು ಎಷ್ಟೋ ಸಲ ನೋಡಿದ್ದೇನೆ, ನನಗೆ ತಪ್ಪು ಕಾಣುವುದಿಲ್ಲ. ಸಿಟ್ಟು ಇಳಿದ ಮೇಷ್ಟ್ರು ಬಂದು ನೋಡಿದರು, ಉಮ್ಮ ನೋಡಿದರು, ಪೈಂಟಿಗೆ ಬಂದ ಗಿರಾಕಿಗಳೆಲ್ಲ ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದರು. ಎಲ್ಲರೂ ಚಂದ ಆಗಿದೆ ಎಂದರು. ಒಬ್ಬರೂ ಕೆಳಗೆ ತಳ್ಳಲಿಲ್ಲ. ಅದು ಸರಿಯಾಗಿದೆಯೋ ಇಲ್ಲವೋ ಎಂದು ಇನ್ನು ನನಗೆ ಯಾವತ್ತೂ ಗೊತ್ತಾಗುವುದಿಲ್ಲ.